ಸೋಡಚೀಟಿಯಿಂದ ಡಿಕ್ರಿಯವರೆಗೆ

ನಾನಿರುವ ನೌಪಾಡಾದಲ್ಲಿ ಮರುಮದುವೆಯ ಮಾತು ಬಂದರೆ ಜಾತಕಕ್ಕಿಂತ ಮೊದಲು ಕಾಗದಗಳನ್ನು ಹುಡುಕುತ್ತಾರೆ. ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಿಚ್ಛೇದನವಾಗಿದ್ದರೆ ಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿ, ಜೊತೆಗೆ ವಯಸ್ಸು ಮತ್ತು ವಿಳಾಸದ ದಾಖಲೆ. ವಿಶೇಷ ವಿವಾಹ ಕಾಯ್ದೆಯಡಿಯಾದರೆ 30 ದಿನಗಳ ನೋಟಿಸು, ಮೂವರು ಸಾಕ್ಷಿಗಳು. ಇದೊಂದೂ ಇಲ್ಲದ ಕಾಲದಲ್ಲಿ ಹಳೆಯ ಮದುವೆ ಮುಗಿದಿದೆ ಎಂದು ಯಾರು ಹೇಳುತ್ತಿದ್ದರು?

ನಮ್ಮ ಕಡೆಯ ಹಲವು ಸಮುದಾಯಗಳಲ್ಲಿ ಮರುಮದುವೆ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ಅದು ಉಡಿಕೆ, ಮೈಸೂರು ಸೀಮೆಯಲ್ಲಿ ಕೂಡಿಕೆ, ತುಳುನಾಡಿನ ಬಂಟರಲ್ಲಿ ಬುಡುಧಾರೆ, ಇಲ್ಲಿನ ಮರಾಠಿಗರಲ್ಲಿ ಪಾಟ. ಗಂಡ ಬದುಕಿದ್ದರೆ ಪಂಚರ ಮುಂದೆ ಬಿಡುಗಡೆ. ಮರಾಠಿಯ ಸೋಡ್‌ಚಿಠ್ಠಿ ಬೆಳಗಾವಿ ಕಡೆ ಸೋಡಚೀಟಿಯಾಯಿತು. ಊರೇ ಸಾಕ್ಷಿ, ಊರೇ ದಫ್ತರ.

ಬೆಳಗಾವಿ, ಧಾರವಾಡ, ಬಿಜಾಪುರಗಳು ಆಗ ಠಾಣೆಯಂತೆಯೇ ಬಾಂಬೆ ಹೈಕೋರ್ಟಿಗೆ ಸೇರಿದ್ದವು. ಮದುವೆ ಮುರಿದಿದೆ ಎಂದು ಘೋಷಿಸಿ ಹೆಂಗಸಿಗೆ ಮರುಮದುವೆಯ ಅನುಮತಿ ಕೊಡುವ ಜಾತಿಯ ಅಧಿಕಾರವನ್ನು ತಾನು ಒಪ್ಪುವುದಿಲ್ಲ ಎಂದು 1876ರಲ್ಲಿ ಆ ಕೋರ್ಟು ಹೇಳಿತು. ವಿಧವೆಯರ ಕತೆ ಇನ್ನೂ ವಿಚಿತ್ರ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮದುವೆಗೆ ದಾರಿ ತೆರೆಯಿತು. ಆದರೆ ಮರುಮದುವೆಯಾದವಳಿಗೆ ಸತ್ತ ಗಂಡನ ಆಸ್ತಿಯ ಹಕ್ಕಿಲ್ಲ ಎಂದಿತು. ಮೊದಲಿನಿಂದಲೂ ಉಡಿಕೆ ನಡೆದುಬಂದ ಜಾತಿಗಳಿಗೂ ಇದು ಅನ್ವಯಿಸುತ್ತದೆ ಎಂದು 1896ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ತೀರ್ಪಿತ್ತಿತು. ಮೇಲುಜಾತಿಯ ವಿಧವೆಗೆ ಬಿಡುಗಡೆ ಕೊಡಲು ಬಂದ ಕಾನೂನು ಒಕ್ಕಲು ಹೆಂಗಸಿನ ಹೊಲ ಕಸಿಯಿತು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆಯೇ ಗಂಡನಿಂದ ಬಂದ ಪಾಲು ಅವಳ ಸ್ವಂತದ್ದಾಗಿ ಉಳಿಯಿತು.

ರೂಢಿಯಲ್ಲಿ ಬಿಡುಗಡೆ ಇಲ್ಲದ ಹಿಂದೂಗಳಿಗೆ ಮುಂಬಯಿ ಪ್ರಾಂತದಲ್ಲಿ ವಿಚ್ಛೇದನ ಸಿಕ್ಕಿದ್ದು 1947ರ ಕಾಯ್ದೆಯಿಂದ, ದೇಶಕ್ಕೆಲ್ಲ 1955ರ ಹಿಂದೂ ವಿವಾಹ ಕಾಯ್ದೆಯಿಂದ. ಆಗ ಡಿಕ್ರಿ ಬಂದರೂ ಒಂದು ವರ್ಷ ಕಾಯಬೇಕಿತ್ತು. 1976ರಲ್ಲಿ ಆ ಷರತ್ತು ಹೋಯಿತು. ಅಪೀಲಿನ ಅವಧಿ ಮುಗಿಯುವವರೆಗೆ ಮಾತ್ರ ಇಂದಿಗೂ ಕಾಯಬೇಕು. 2003ರ ತಿದ್ದುಪಡಿಯ ಪ್ರಕಾರ ಅದು 90 ದಿನ.

ಸೋಡಚೀಟಿ ಪೂರ್ತಿ ಸತ್ತಿಲ್ಲ. 1955ರ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ಅಂಥ ರೂಢಿ ಇದೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಗೊತ್ತಿರುವ ಒಬ್ಬ ಅಕ್ಕ ಊರ ಹಿರಿಯರು ಸಹಿ ಹಾಕಿದ ಸ್ಟಾಂಪ್ ಕಾಗದ ಹಿಡಿದು ವಿವಾಹ ನೋಂದಣಿ ಕಚೇರಿಗೆ ಹೋದರು. "ಡಿಕ್ರಿ ತನ್ನಿ" ಎಂದರು. ಊರಿನವರೆಲ್ಲ ಬಲ್ಲ ಸಂಗತಿಯನ್ನು ಇಲ್ಲಿ ಬಲ್ಲವರು ಯಾರೂ ಇರಲಿಲ್ಲ.

ಡೊಂಬಿವಲಿ, ಕಲ್ಯಾಣದಲ್ಲಿರುವ ನಮ್ಮವರ ಮನೆಗಳಲ್ಲೂ ಇಂಥ ಕಾಗದಗಳಿರಬಹುದು. ಹಾಗಿದ್ದರೆ ಮುಹೂರ್ತ ಇಡುವ ಮೊದಲೇ ವಕೀಲರನ್ನು ಕಂಡು ಕೋರ್ಟಿನಿಂದ ಘೋಷಣೆ ಪಡೆಯಿರಿ. ಇಲ್ಲದಿದ್ದರೆ ಎರಡನೆಯ ಮದುವೆಯೇ ಅಸಿಂಧುವಾದೀತು. ಪಿಂಚಣಿ, ಮನೆ, ವಿಮೆಯ ಪ್ರಶ್ನೆ ಎದ್ದ ದಿನ ಅದರ ಬೆಲೆ ತೆರುವವಳು ಮತ್ತೆ ಹೆಂಗಸೇ.