ಶಾಂಪೂ: ಒಂದು ಪದದ ವಲಸೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯವನ್ನೇ ಹೇಳಿ ಹೆದರಿಸುತ್ತಾರೆಂಬ ಅಳುಕು ಸಭಿಕರಿಗೆ ಸಹಜ. ಇಂದು ನಾವು ನಿಮ್ಮನ್ನು ಬಹುಮಟ್ಟಿಗೆ ಪಾರುಮಾಡುತ್ತೇವೆ. ರಕ್ತದೊತ್ತಡ ಕೊನೆಯಲ್ಲಿ ಬಂದೇ ಬರುತ್ತದೆ. ಅದಕ್ಕೆ ನಾವು ಹೊಣೆಯಲ್ಲ, ಕಥೆಯ ನಡೆಯೇ ಹಾಗಿದೆ.

ಯಾನ್ಬುವಿನ ಯಾವ ಅಂಗಡಿಗೆ ಹೋದರೂ ತಲೆಗೂದಲು ತೊಳೆಯುವ ದ್ರವದ ಸೀಸೆಯ ಮೇಲೆ ಅರಬ್ಬಿಯಲ್ಲಿ ‘ಶಾಂಬೂ’ ಎಂದು ಬರೆದಿರುತ್ತದೆ. ಅರಬ್ಬಿ ಅಕ್ಷರಮಾಲೆಯಲ್ಲಿ ಪಕಾರವಿಲ್ಲ. ‘ಪೆಪ್ಸಿ’ ಇಲ್ಲಿ ‘ಬೆಬ್ಸಿ’ಯಾದಂತೆ ಇದೂ ಆಗಿದೆ. ಅದರ ಪಕ್ಕದಲ್ಲಿರುವ ‘ಸಾಬೂನ್’ ನಮಗೆ ಪರಿಚಿತವೇ. ಒಮ್ಮೆ ನಮ್ಮ ಮಗಳು, “ಅಪ್ಪಾ, ಸಾಬೂನು ಕನ್ನಡದಲ್ಲೂ ಇದೆ, ಅರಬ್ಬಿಯಲ್ಲೂ ಇದೆ. ಶಾಂಪೂಗೆ ಮಾತ್ರ ಕನ್ನಡದಲ್ಲಿ ಏನೂ ಇಲ್ಲವೇ?” ಎಂದು ಕೇಳಿದಳು. ಉತ್ತರವನ್ನು ಹುಡುಕುತ್ತ ಹೋದ ನಮಗೆ ಪ್ರಶ್ನೆಯೇ ತಲೆಕೆಳಗಾಗಿ ಕಂಡಿತು. ಅವಳು ನಮ್ಮದೆಂದುಕೊಂಡ ಸಾಬೂನು ಹೊರಗಿನಿಂದ ಬಂದದ್ದು. ಲ್ಯಾಟಿನಿನ ‘ಸಾಪೋ’ ಎಂಬ ಮಾತಿಗೂ ಅದಕ್ಕೂ ನಂಟು. ಪರದೇಶದ್ದೆಂದುಕೊಂಡ ಶಾಂಪೂ ಮಾತ್ರ ಭಾರತದಿಂದ ಹೊರಟು, ವೇಷ ಬದಲಿಸಿಕೊಂಡು ಹಿಂದಿರುಗಿದ್ದು.

ಹಿಂದೀಭಾಷೆಯಲ್ಲಿ ‘ಚಾಂಪ್ನಾ’ ಎಂಬ ಕ್ರಿಯಾಪದವಿದೆ. ಅಮುಕು, ಒತ್ತು, ಮಿದಿ ಎಂದು ಅದರ ಅರ್ಥ. ‘ಚಾಂಪೋ’ ಎಂದರೆ ‘ಒತ್ತು’ ಎಂಬ ಆಜ್ಞೆ. ದಣಿದ ಮೈಯನ್ನು ಒತ್ತಿಸಿಕೊಳ್ಳುತ್ತಿದ್ದ ಕಂಪನಿ ಕಾಲದ ಆಂಗ್ಲರು ಈ ಆಜ್ಞೆಯನ್ನೇ ಹೆಸರೆಂದು ತಿಳಿದರು. 1762ರ ಹೊತ್ತಿಗೆ ಈ ಪದ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಆಗ ಅದಕ್ಕೂ ಕೂದಲಿಗೂ, ನೊರೆಗೂ ಏನೇನೂ ಸಂಬಂಧವಿರಲಿಲ್ಲ. 1957ರ ‘ಪ್ಯಾಸಾ’ ಚಿತ್ರದಲ್ಲಿ ಜಾನಿ ವಾಕರ್ ಎಣ್ಣೆ ಸೀಸೆ ಹಿಡಿದು ತಲೆ ಒತ್ತುವವನಾಗಿ ಬಂದದ್ದನ್ನು ನಮ್ಮ ಪೀಳಿಗೆಯವರು ಮರೆತಿರಲಾರರು. ಅವನು ಮಾಡುತ್ತಿದ್ದ ‘ಚಂಪಿ’ಯೂ ಈ ಪದದ ಒಡಹುಟ್ಟೇ. ಶಾಂಪೂ ‘ಚಂಪಕ’ದಿಂದ, ಅಂದರೆ ಸಂಪಿಗೆಯಿಂದ ಬಂತೆಂದು ಹೇಳುವವರೂ ಇದ್ದಾರೆ. ಪರಿಮಳವುಳ್ಳ ಊಹೆ, ಆದರೆ ಒಪ್ಪತಕ್ಕದ್ದಲ್ಲ. ಇನ್ನು ಪಂಪನ ಚಂಪೂವಿಗೂ ಇದಕ್ಕೂ ನಂಟುಂಟೇ ಎಂದು ಕೇಳಿದ ಮಿತ್ರರಿಗೆ, ಇಲ್ಲವೆಂದು ವಿನಯದಿಂದ ತಿಳಿಸುತ್ತೇವೆ.

ಹಾಗಾದರೆ ನಮ್ಮಲ್ಲಿ ಈ ಕೆಲಸಕ್ಕೆ ಮಾತೇ ಇರಲಿಲ್ಲವೇ? ಇತ್ತು, ಧಾರಾಳವಾಗಿತ್ತು. ಹಳೆ ಮೈಸೂರಿನ ಮನೆಗಳಲ್ಲಿ ಹೆಂಗಸರು ‘ಎರೆದುಕೊಂಡರು’ ಎಂದರೆ ಸಾಕು, ತಲೆಗೆ ನೀರು ಹಾಕಿಕೊಂಡರೆಂದೇ ಅರ್ಥ. ಸೀಗೆ, ಅಂಟುವಾಳ, ಚಿಗರೆಪುಡಿ, ಮಲೆನಾಡಿನ ಮತ್ತಿಸೊಪ್ಪಿನ ಗೊಂಪು, ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಲೋಳೆ, ಹೀಗೆ ಊರಿಗೊಂದು ಬಗೆ. ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ವಸ್ತು ನೀರಿನಲ್ಲಿ ನೊರೆಯೆದ್ದು ಎಣ್ಣೆಯ ಜಿಡ್ಡನ್ನು ಬಿಡಿಸುತ್ತದೆ. ಸಸ್ಯಶಾಸ್ತ್ರಜ್ಞರು ಅಂಟುವಾಳದ ಕುಲಕ್ಕೆ ಇಟ್ಟ ‘ಸಪಿಂಡಸ್’ ಎಂಬ ಹೆಸರಿಗೇ ‘ಭಾರತದ ಸಾಬೂನು’ ಎಂದರ್ಥ. ಅರಸುಮನೆಗಳಲ್ಲಂತೂ ಇದೊಂದು ಶಾಸ್ತ್ರವೇ ಆಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನು ರಾಜಭೋಗಗಳಲ್ಲಿ ಒಂದಾಗಿ ಎಣಿಸಿ ಅಭ್ಯಂಗವನ್ನು ವರ್ಣಿಸಿದ್ದಾನೆ.

ಒತ್ತುವ ಕೈಯನ್ನು ಕಡಲಾಚೆಗೆ ಕೊಂಡೊಯ್ದು ಪ್ರಸಿದ್ಧಗೊಳಿಸಿದವರು ಶೇಖ್ ದೀನ್ ಮಹಮ್ಮದ್. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿಯೇ ಬೇಕರ್ ಎಂಬ ಸೇನಾಧಿಕಾರಿಯ ಬೆನ್ನುಹತ್ತಿ ಬಂಗಾಳದ ಸೈನ್ಯದ ಪಾಳೆಯ ಸೇರಿದರು. 1784ರಲ್ಲಿ ಆತನೊಡನೆ ಐರ್ಲೆಂಡಿನ ಕಾರ್ಕ್ ನಗರಕ್ಕೆ ಹೋಗಿ, ಅಲ್ಲಿಯ ಹೆಣ್ಣುಮಗಳನ್ನು ಮದುವೆಯಾಗಿ ನೆಲೆನಿಂತರು. 1794ರಲ್ಲಿ ತಮ್ಮ ಪ್ರವಾಸದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚುಹಾಕಿಸಿದರು. ಭಾರತೀಯನೊಬ್ಬ ಆ ಭಾಷೆಯಲ್ಲಿ ಪ್ರಕಟಿಸಿದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನೀ ಕಾಫಿ ಹೌಸ್’ ತೆರೆದರು. ಹುಕ್ಕಾ ಉಂಟು, ಬಿದಿರಿನ ಕುರ್ಚಿ ಉಂಟು, ಮಸಾಲೆಯ ಊಟವುಂಟು. ಸಾಕಷ್ಟು ಗಿರಾಕಿಗಳು ಮಾತ್ರ ಬರಲಿಲ್ಲ. 1812ರಲ್ಲಿ ದಿವಾಳಿಯಾದರು. ಹೆಂಡತಿ ಮಕ್ಕಳೊಡನೆ ಐವತ್ತು ದಾಟಿದ ಮನುಷ್ಯ, ಪರನಾಡಿನಲ್ಲಿ ಕೈ ಬರಿದು. ಇಲ್ಲಿ ಕುಳಿತಿರುವ ನಮಗೆ ಆ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಉಳಿದದ್ದು ಊರಿನ ವಿದ್ಯೆಯೊಂದೇ. 1814ರಲ್ಲಿ ಕಡಲತೀರದ ಬ್ರೈಟನ್ ಪಟ್ಟಣಕ್ಕೆ ಹೋಗಿ ಸ್ನಾನಗೃಹದ ಕೆಲಸ ಹಿಡಿದರು. 1821ರಲ್ಲಿ ಸ್ವಂತ ‘ಮಹಮ್ಮದ್ಸ್ ಬಾತ್ಸ್’ ಎದ್ದಿತು. ಗಿಡಮೂಲಿಕೆ ಬೆರೆಸಿದ ಬಿಸಿಯಾವಿಯಲ್ಲಿ ರೋಗಿಯನ್ನು ಕೂರಿಸಿ, ಸುತ್ತ ಫ್ಲಾನೆಲ್ ಬಟ್ಟೆಯ ಗುಡಾರ ಹೊದಿಸಿ, ಅದಕ್ಕೆ ಹೊಲಿದ ತೋಳುಗಳೊಳಗೆ ಕೈತೂರಿಸಿ ಮೈಕೈ ಒತ್ತುತ್ತಿದ್ದರು. ಇದೇ ಅಂದಿನ ‘ಶಾಂಪೂ’. ವಾಸಿಯಾದವರು ಬಿಟ್ಟುಹೋದ ಊರುಗೋಲುಗಳನ್ನು ಅಲ್ಲಿ ಪ್ರದರ್ಶನಕ್ಕೆ ಇಡಲಾಗಿತ್ತು. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ದೊರೆಗಳಿಗೆ ಅವರು ‘ಶಾಂಪೂ ಸರ್ಜನ್’ ಎಂದು ನೇಮಕಗೊಂಡರು.

1822ರಲ್ಲಿ ಅವರು ಪ್ರಕಟಿಸಿದ ‘ಶಾಂಪೂಯಿಂಗ್’ ಎಂಬ ಪುಸ್ತಕದಲ್ಲಿ ಉಬ್ಬಸ, ಪಾರ್ಶ್ವವಾಯು, ಸಂಧಿವಾತಗಳೆಲ್ಲ ಗುಣವಾದ ವೃತ್ತಾಂತಗಳಿವೆ. ಕೀಲುನೋವಿಗೆ ಶಾಖವೂ ಒತ್ತುವಿಕೆಯೂ ಹಿತವೆಂಬುದನ್ನು ನಾವು ಒಪ್ಪುತ್ತೇವೆ. ಮಿಕ್ಕವನ್ನು ವೈದ್ಯರಾಗಿ ಒಪ್ಪಲಾರೆವು. ತಾವು ವೈದ್ಯಶಿಕ್ಷಣ ಪಡೆದವರೆಂದು ತೋರಿಸಿಕೊಳ್ಳಲು ಜನ್ಮವರ್ಷವನ್ನು 1749 ಎಂದು ಹತ್ತು ವರ್ಷ ಹಿಂದಕ್ಕೂ ಹಾಕಿಕೊಂಡರು. ಮೊದಲು ಇದನ್ನು ಓದಿದಾಗ ನಮಗೆ ಸಿಟ್ಟು ಬಂದಿತ್ತು. ಆದರೆ ಎಂ.ಬಿ.ಬಿ.ಎಸ್. ಮುಗಿಸಿ, ಪರದೇಶದಲ್ಲಿ ರೆಸಿಡೆನ್ಸಿಗೆಂದು ಮತ್ತೆ ಮೊದಲಿನಿಂದ ತೊಡಗಿದ ನಮ್ಮ ಆ ದಿನಗಳು ನೆನಪಾದುವು. ಕಲಿತದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯದಿದ್ದಾಗ, ನಮ್ಮ ಹೆಸರನ್ನೇ ಅರ್ಧಕ್ಕೆ ಕತ್ತರಿಸಿ ಕರೆದಾಗ, ನಾವೂ ಊರಿನ ಅನುಭವವನ್ನು ಒಂದಿಷ್ಟು ಉಬ್ಬಿಸಿ ಹೇಳಿದ್ದುಂಟು. ಸಿಟ್ಟು ಅಷ್ಟಕ್ಕೇ ಇಳಿಯಿತು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 1860ರ ವೇಳೆಗೆ ಇಂಗ್ಲಿಷಿನಲ್ಲಿ ಪದದ ಅರ್ಥ ಮೈಯಿಂದ ತಲೆಗೆ ಏರಿ, ಕೂದಲು ತೊಳೆಯುವುದೆಂದಾಯಿತು. ಬಳಿಕ ತೊಳೆಯುವ ಕೆಲಸದ ಹೆಸರು ತೊಳೆಯುವ ವಸ್ತುವಿಗೂ ಬಂತು. 1903ರಲ್ಲಿ ಬರ್ಲಿನ್ನಿನ ಹನ್ಸ್ ಶ್ವಾರ್ಜ್‌ಕೋಫ್ ನೀರಿನಲ್ಲಿ ಕರಗುವ ಪುಡಿಯನ್ನು ಮಾರುಕಟ್ಟೆಗೆ ತಂದರು, 1927ರಲ್ಲಿ ಅವರ ಕಂಪನಿ ದ್ರವರೂಪದ್ದನ್ನು ತಂದಿತು. ಗಡಸು ನೀರಿನಲ್ಲಿ ಸಾಬೂನು ಬಿಡುವಂಥ ಜಿಗುಟನ್ನು ಬಿಡದ ಕೃತಕ ಮಾರ್ಜಕದ ಶಾಂಪೂ ಅಮೆರಿಕದಲ್ಲಿ ಬಂದದ್ದು 1934ರಲ್ಲಿ. ನಮ್ಮ ಹಳ್ಳಿಗಳ ಗೂಡಂಗಡಿಗೆ ಅದನ್ನು ತಲುಪಿಸಿದ್ದು ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಅವರಿಂದ ಹೆಸರಾದ ಪುಟ್ಟ ಪೊಟ್ಟಣ. ಅವರ ಮಗ ರಂಗನಾಥನ್ 1983ರಲ್ಲಿ ‘ಚಿಕ್’ ಶಾಂಪೂವನ್ನು ಆರಂಭಿಸಿದರು. ಸೀಗೆಪುಡಿಯ ಡಬ್ಬಿ ಬಚ್ಚಲಿನ ಗೂಡಿನಿಂದ ಇಳಿದದ್ದು ಆ ಕಾಲದಲ್ಲಿಯೇ. ‘ಒತ್ತು’ ಎಂದು ಹೊರಟ ಪದ ಮನೆಗೆ ಮರಳಿದಾಗ ಅದರಲ್ಲಿ ಒತ್ತುವ ಕೈಯೇ ಇರಲಿಲ್ಲ.

ಇನ್ನು ರಕ್ತದೊತ್ತಡ. ದೀನ್ ಮಹಮ್ಮದ್ 1851ರಲ್ಲಿ ಬ್ರೈಟನ್ನಿನಲ್ಲಿಯೇ ತೀರಿಕೊಂಡರು. ಅವರ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದ್ ಹುಟ್ಟಿದ್ದು 1849ರಲ್ಲಿ. ಅಜ್ಜ ಹೇಳಿಕೊಂಡ ವೈದ್ಯಪದವಿಯನ್ನು ಮೊಮ್ಮಗ ನಿಜವಾಗಿಯೂ ಗಳಿಸಿದರು. ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ರೀವಾ ರೋಚಿಯ ಉಪಕರಣ ಬಂದದ್ದು 1896ರಲ್ಲಿ. ಅದಕ್ಕೂ ಮುಂಚೆಯೇ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಇವರು ಮಣಿಕಟ್ಟಿನ ನಾಡಿಯನ್ನು ರೇಖೆಯಾಗಿ ಬರೆಯುವ ಯಂತ್ರವನ್ನು ಸುಧಾರಿಸಿ, ಮೂತ್ರಪಿಂಡ ಕೆಡುವ ಮೊದಲೇ ರಕ್ತದೊತ್ತಡ ಏರಿರಬಹುದೆಂದು ತೋರಿಸಿಕೊಟ್ಟರು. ಅದೇ ಆಸ್ಪತ್ರೆಯ ಬ್ರೈಟ್ ಅವರ ಹೆಸರನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಉರುಹೊಡೆದಿದ್ದೆವು. ಮಹಮ್ಮದರ ಹೆಸರನ್ನು ನಮಗೆ ಊರಿನಲ್ಲಿಯೂ ಹೇಳಿಕೊಡಲಿಲ್ಲ, ಹೊರನಾಡಿನಲ್ಲಿಯೂ ಹೇಳಿಕೊಡಲಿಲ್ಲ. 1884ರಲ್ಲಿ ವಿಷಮಶೀತ ಜ್ವರ ಅವರನ್ನು ಕೊಂಡೊಯ್ದಿತು. ವಯಸ್ಸು 35.

ಮಗಳಿಗೆ ಇದಿಷ್ಟನ್ನೂ ಹೇಳಿದ ಮೇಲೆ, ಯಾನ್ಬುವಿನ ಹಳೆಯ ಪೇಟೆಯ ಗಂಧಿಗೆಯಂಗಡಿಗೆ ಕರೆದೊಯ್ದು ‘ಸಿದ್ರ್’ ಎಲೆಯ ಪುಡಿಯನ್ನು ತೋರಿಸಿದೆವು. ಅದು ನಮ್ಮ ಎಲಚಿಯ ದಾಯಾದಿ ಮರ. ಅರಬ್ಬರ ಹಿರಿಯರು ತಲೆ ತೊಳೆಯುತ್ತಿದ್ದುದು ಅದರಿಂದಲೇ. ಒಂದು ಪೊಟ್ಟಣ ಕೊಂಡು ತಂದೆವು. ಮುಂದಿನ ಶುಕ್ರವಾರ ನಮ್ಮ ಮನೆಯವರು ಬೆಚ್ಚಗಿನ ಎಣ್ಣೆ ಹಚ್ಚಿ ಮಗಳ ನೆತ್ತಿಯನ್ನು ಅರ್ಧಗಂಟೆ ಒತ್ತಿದರು. ಅದೇ ಹೊತ್ತಿಗೆ ಊರಿನಿಂದ ಅಜ್ಜಿಯ ಫೋನು ಬಂತು. “ಏನು ಮಾಡುತ್ತಿದ್ದೀಯೇ?” ಎಂದು ಕೇಳಿದ್ದಕ್ಕೆ ಅವಳು, “ಎರೆದುಕೊಳ್ಳುವುದಕ್ಕೆ ಹೊರಟಿದ್ದೇನೆ ಅಜ್ಜಿ” ಎಂದಳು.