ಕಾರ್ಖಾನೆಯ ಅಡಿಯಲ್ಲೊಂದು ಹಗೇವು

ಶಿಕಾರಿಪುರದ ಅಂಜನಾಪುರದಲ್ಲಿ ಕುಮುದ್ವತಿಯ ನೀರು ತುಂಬಿ ನಿಂತ ಜಲಾಶಯವನ್ನು ನೋಡುತ್ತ ಕುಳಿತವರಿಗೆ, ಆಕಾಶದಿಂದ ಮಳೆಯಲ್ಲದೆ ಬೇರೇನಾದರೂ ಬಿದ್ದೀತೆಂಬ ಯೋಚನೆ ಬರುವುದಿಲ್ಲ. ಅಲ್ಲಿಂದ ಪೂರ್ವಕ್ಕೆ, ಬಯಲುಸೀಮೆಯ ಕಡೆ ಹೋದರೆ ಹಿರಿಯರಿಗೆ ಹಗೇವುಗಳ ನೆನಪಿದೆ. ಅವು ಜೋಳವನ್ನು ಕಾಪಾಡಲು ನೆಲದಡಿ ತೋಡಿದ ಗುಂಡಿಗಳು. ಮನುಷ್ಯರನ್ನೇ ಹಾಗೆ ನೆಲದಡಿ ಇಳಿಸಿ ಕಾಪಾಡಬೇಕಾದ ಕಾಲವೂ ಒಂದು ಬಂದಿತ್ತು.

ಅದು ನಮ್ಮ ಬಾಗಿಲಿಗೂ ಬಂದಿತ್ತೆಂಬುದನ್ನು ನಾವು ಮರೆತಿದ್ದೇವೆ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ವಿದ್ಯುತ್ತು, ವಿಜ್ಞಾನ ಮಂದಿರ ಇವುಗಳ ಜೊತೆಗೆ ಬೆಂಗಳೂರಿಗಿದ್ದ ಇನ್ನೊಂದು ಅನುಕೂಲ ಸಮುದ್ರದಿಂದ ಇರುವ ದೂರ. ಆದರೆ 1942ರ ಏಪ್ರಿಲ್ 5ರಂದು ಜಪಾನಿನ ವಿಮಾನಗಳು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ವಿಮಾನವಾಹಕ ಹಡಗುಗಳು ಬಂಗಾಳ ಕೊಲ್ಲಿಗೆ ಬಂದ ಮೇಲೆ ದೂರಕ್ಕೆ ಏನು ಬೆಲೆ? ಮದರಾಸು ಅರ್ಧ ಖಾಲಿಯಾಯಿತು. ಕಚೇರಿಗಳು ಒಳನಾಡಿಗೆ ಹೋದವು. ಬಾಂಬು ಬಿದ್ದು ಬೋನು ಒಡೆದರೆ ಗತಿಯೇನೆಂದು ಪೀಪಲ್ಸ್ ಪಾರ್ಕಿನ ಹುಲಿ ಸಿಂಹಗಳನ್ನು ಗುಂಡಿಟ್ಟು ಕೊಂದರು. ಅದೇ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಬೆಂಗಳೂರಿನ ಮೇಲೆ ಬಾಂಬು ಬೀಳಲಿಲ್ಲ.

ಬಿದ್ದಿದ್ದರೆ? ಭಾರತದ ಊರುಗಳಲ್ಲಿ ಆಗ ಸಾಮಾನ್ಯವಾಗಿದ್ದುದು ಅಂಕುಡೊಂಕು ಕಂದಕ ಮತ್ತು ಬಾಗಿಲೆದುರು ಕಟ್ಟಿದ ಇಟ್ಟಿಗೆಯ ಅಡ್ಡಗೋಡೆ. ಕಂದಕವನ್ನು ಅಂಕುಡೊಂಕಾಗಿ ತೋಡುವುದು ಸೋಮಾರಿತನದಿಂದಲ್ಲ. ಒಂದು ತುದಿಯಲ್ಲಿ ಬಾಂಬು ಸಿಡಿದರೆ ಅದರ ಹೊಡೆತ ನೇರ ದಾರಿಯಲ್ಲಿ ಕೊನೆಯವರೆಗೆ ಓಡುತ್ತದೆ; ತಿರುವಿದ್ದರೆ ಅಲ್ಲೇ ಬಹುಮಟ್ಟಿಗೆ ತಗ್ಗುತ್ತದೆ.

ನಿಜವಾದ ನೆಲದಡಿಯ ಆಶ್ರಯತಾಣಗಳನ್ನು ನೋಡಬೇಕೆಂದರೆ ಇಂಗ್ಲೆಂಡಿಗೇ ಹೋಗಬೇಕು. 1939ರ ಅಲ್ಲಿನ ಕಾಯಿದೆಯ ಪ್ರಕಾರ, ಅಪಾಯದ ಪ್ರದೇಶಗಳಲ್ಲಿ 50ಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಾರ್ಖಾನೆಗಳ ಮಾಲೀಕರು ಅವರಿಗೆ ಆಶ್ರಯ ಕಟ್ಟಿಸಲೇಬೇಕಿತ್ತು. ಎಷ್ಟೋ ಕಾರ್ಖಾನೆಗಳು ಹೋದರೂ ಅವುಗಳ ಅಡಿಯ ಸುರಂಗಗಳು ಉಳಿದಿವೆ. ಮೆಟ್ಟಿಲಿಳಿದ ಕೂಡಲೇ ಒಂದು ಲಂಬಕೋನದ ತಿರುವು, ಕಂದಕದ ಅದೇ ನ್ಯಾಯ. ವಿಷಾನಿಲ ತಡೆಯಲು ಪರದೆ ತೂಗುಹಾಕುತ್ತಿದ್ದ ಚೌಕಟ್ಟು, ಗೋಡೆಯುದ್ದಕ್ಕೂ ಬೆಂಚು, ಮೂಲೆಯಲ್ಲಿ ಬಕೆಟ್ಟಿನ ಶೌಚ, ಬಾಗಿಲು ಮುಚ್ಚಿಹೋದರೆ ಏರಿ ಹೋಗಲು ಇನ್ನೊಂದು ಕಂಡಿ. ಇಳಿಯುವವರು ನಮ್ಮ ಹಗೇವಿನ ಪಾಠವನ್ನು ಮರೆಯಬಾರದು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಡದೆ ಇಳಿದವರು ಅಲ್ಲೇ ಕುಸಿದುಬಿದ್ದಿದ್ದಾರೆ. ವರ್ಷಗಟ್ಟಲೆ ಮುಚ್ಚಿದ ಸುರಂಗವೂ ಹೀಗೆಯೇ ಮೋಸ ಮಾಡಬಹುದು.

ಈ ಸುರಂಗಗಳು ಎಷ್ಟು ಆಳವಿರಬೇಕೆಂಬುದರ ಮೇಲೆ ಯುದ್ಧಕ್ಕೆ ಮೊದಲೇ ಒಂದು ದೊಡ್ಡ ಜಗಳ ನಡೆದಿತ್ತು. ಸ್ಪೇನಿನ ಅಂತರ್ಯುದ್ಧದಲ್ಲಿ ಬಾಂಬಿನ ಹಾವಳಿಯನ್ನು ಕಣ್ಣಾರೆ ಕಂಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1938ರಲ್ಲಿ ಪುಸ್ತಕ ಬರೆದು, ತೋಟವಿದ್ದವರಿಗೆ ತಗಡಿನ ಗೂಡು ಕೊಟ್ಟರೆ ಸಾಲದು, ಕೇರಿಯ ಕೂಲಿಕಾರರಿಗೆ ಆಳವಾದ ಸುರಂಗ ಬೇಕೆಂದು ವಾದಿಸಿದರು. 1939ರಲ್ಲಿ ಇದನ್ನು ಪರಿಶೀಲಿಸಿ ಬೇಡವೆಂದ ಸಮಿತಿಯ ಅಧ್ಯಕ್ಷರು ಯಾರೆಂದುಕೊಂಡಿರಿ? ಒಂದು ಕಾಲದ ಪಂಜಾಬಿನ ಗವರ್ನರ್ ಲಾರ್ಡ್ ಹೇಲಿ! ಖರ್ಚು ಮತ್ತು ಕಾಲದ ಮಾತು ಸರಿಯೇ. ಆದರೆ ಆಳಕ್ಕೆ ಇಳಿದ ಕೆಲಸಗಾರ ಮತ್ತೆ ಮೇಲೆ ಬಂದು ಯಂತ್ರದ ಮುಂದೆ ನಿಲ್ಲಲಾರನೆಂಬ ಅಂಜಿಕೆಯೂ ಸರ್ಕಾರಿ ವಲಯದಲ್ಲಿತ್ತು. ಅದು ನನಗೆ ಕೂಲಿಕಾರನನ್ನು ಅರಿಯದವರ ಅಂಜಿಕೆಯೆನಿಸುತ್ತದೆ. ಲಂಡನ್ ಉರಿದ ಮೇಲೆ, 1940ರ ಕೊನೆಯಲ್ಲಿ, ಅದೇ ಸರ್ಕಾರ ಆಳದ ಸುರಂಗಗಳಿಗೆ ಒಪ್ಪಿತು; 1942ರಲ್ಲಿ ಅಂಥ ಎಂಟು ಮುಗಿದವು.

ಆಳವೊಂದೇ ಸಾಲದೆಂಬುದೂ ನಿಜ. 1943ರ ಮಾರ್ಚ್ 3ರ ರಾತ್ರಿ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಸೈರನ್ ಕೇಳಿ ಇಳಿಯುತ್ತಿದ್ದ ಜನ ಕತ್ತಲ ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 173 ಮಂದಿ ಸತ್ತರು. ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ.

ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರೇ ಆದರು. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮರುವರ್ಷದ ಯುದ್ಧದಲ್ಲಿ, ಮತ್ತೆ 1971ರಲ್ಲಿ, ನಮ್ಮ ನಗರಗಳಲ್ಲಿ ಕಂದಕ ತೋಡಿದರು, ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದರು. 2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದು ಸೈರನ್ ಮೊಳಗಿತು. ಓಡಿ ಇಳಿಯಲು ನಮಗಿರುವುದು ಬಹುಮಟ್ಟಿಗೆ ಕಾರು ನಿಲ್ಲಿಸುವ ನೆಲಮಾಳಿಗೆ.

ಕಾರಿನ ಮಾತು ಬಂತು. ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಡ್ಜ್ ಮೋಟಾರು ಕಾರ್ಖಾನೆಯ ಅಡಿಯಲ್ಲಿ ಯುದ್ಧಕಾಲದ ಸುರಂಗಗಳಿದ್ದವು. 2005ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಕೆಳಗಿಳಿದು ನೋಡಿದವರಿಗೆ ಕತ್ತಲಲ್ಲಿ ಸಿಕ್ಕಿದ್ದು, ಯಾವಾಗಲೋ ಜಜ್ಜಿಹೋಗಿ ಅಲ್ಲೇ ಬಿಟ್ಟಿದ್ದ ಒಂದು ಮಿನಿ ಕಾರು.