'ಯೋಧನ ಪ್ರತ್ಯಾಗಮನ': ಒಂದು ಪುನರ್ವಾಚನ

ಒಂದನೆಯ ಮಹಾಯುದ್ಧವು ಇನ್ನೂ ಮುಗಿಯದಿದ್ದ 1918ನೆಯ ಇಸವಿಯಲ್ಲಿ, ಇಂಗ್ಲೆಂಡಿನ ಲೇಖಕಿ ರೆಬೆಕಾ ವೆಸ್ಟ್ ಅವರ ಮೊದಲ ಕಾದಂಬರಿ 'ದಿ ರಿಟರ್ನ್ ಆಫ್ ದಿ ಸೋಲ್ಜರ್', ಎಂದರೆ 'ಯೋಧನ ಪ್ರತ್ಯಾಗಮನ', ಪ್ರಕಟವಾಯಿತು. ಲೇಖಕಿಗೆ ಆಗ 25 ವರ್ಷ. ಈ ಚಿಕ್ಕ ಗ್ರಂಥದಲ್ಲಿ ಯುದ್ಧಭೂಮಿಯ ವರ್ಣನೆಯು ಬಹು ಸ್ವಲ್ಪ. ಯುದ್ಧವು ಮನುಷ್ಯನ ಚಿತ್ತಕ್ಕೆ ಮಾಡಿದ ಗಾಯವೇ ಇದರ ವಸ್ತು.

ಕ್ರಿಸ್ ಬಾಲ್ಡ್ರಿ ಎಂಬ ಶ್ರೀಮಂತ ಸೇನಾಧಿಕಾರಿಯು ರಣರಂಗದಿಂದ ಮನೆಗೆ ಬರುತ್ತಾನೆ. ಅವನ ನೆನಪಿನಿಂದ ಹದಿನೈದು ವರ್ಷಗಳು ಅಳಿಸಿಹೋಗಿವೆ. ಕೈಹಿಡಿದ ಹೆಂಡತಿ ಕಿಟ್ಟಿಯನ್ನು ಅವನು ಅರಿಯನು. ಥೇಮ್ಸ್ ನದಿಯ ದ್ವೀಪದ ಪಾಂಥಶಾಲೆಯೊಂದರಲ್ಲಿ ತಾರುಣ್ಯದಲ್ಲಿ ತಾನು ಪ್ರೀತಿಸಿದ್ದ ಮಾರ್ಗರೆಟ್ಟಳನ್ನೇ ಹಂಬಲಿಸುತ್ತಾನೆ. ಅವಳೋ ಈಗ ಬೇರೊಬ್ಬನ ಪತ್ನಿ, ಬಡ ಗೃಹಿಣಿ. ಆದರೂ ಅವಳ ಸಾನ್ನಿಧ್ಯದಲ್ಲಿ ಮಾತ್ರ ಅವನಿಗೆ ನೆಮ್ಮದಿ. ಕಡೆಗೆ, ಎರಡು ವರ್ಷದವನಾಗಿ ತೀರಿಹೋದ ಕ್ರಿಸ್ಸನ ಮಗುವಿನ ಅಂಗಿಯನ್ನೂ ಚೆಂಡನ್ನೂ ಮಾರ್ಗರೆಟ್ಟಳೇ ಅವನ ಬಳಿಗೆ ಕೊಂಡೊಯ್ಯುತ್ತಾಳೆ, ಸ್ಮೃತಿಯು ಮರಳುತ್ತದೆ.

ಪ್ರಥಮ ವಾಚನದಲ್ಲಿ ಓದುಗನ ಕುತೂಹಲವೆಲ್ಲ ಒಂದೇ: ಇವನಿಗೆ ನೆನಪು ಬರುವುದೋ ಇಲ್ಲವೋ? ಪುನಃ ಓದುವಾಗ ಉತ್ತರವು ಮೊದಲೇ ತಿಳಿದಿರುವುದರಿಂದ ಪ್ರಶ್ನೆಯೇ ಬದಲಾಗುತ್ತದೆ: ನೆನಪು ಬಂದವನು ಹೋಗುವುದಾದರೂ ಎಲ್ಲಿಗೆ? ಆರೋಗ್ಯವಂತನಾದ ಯೋಧನು ಮರಳಬೇಕಾದ ಸ್ಥಳವು ರಣರಂಗದ ಕಂದಕವೇ. ಗ್ರಂಥದ ಹೆಸರಿನ ಎರಡನೆಯ ಅರ್ಥವು ಆಗ ಮನಸ್ಸಿಗೆ ಹೊಳೆದು ನೋಯಿಸುತ್ತದೆ.

ಇದಕ್ಕೆ ಇತಿಹಾಸದ ಸಾಕ್ಷ್ಯವುಂಟು. ಇಂತಹ ರೋಗಿಗಳನ್ನು ವರ್ಣಿಸಿ ಚಾರ್ಲ್ಸ್ ಮೈಯರ್ಸ್ ಅವರು 1915ರ ಫೆಬ್ರುವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಬರೆದು, 'ಷೆಲ್ ಷಾಕ್' ಎಂಬ ಹೆಸರನ್ನು ವೈದ್ಯಸಾಹಿತ್ಯಕ್ಕೆ ತಂದರು. ಸಿಡಿಗುಂಡಿನ ಆಘಾತವೇ ಕಾರಣವೆಂಬುದು ಮೊದಲಿನ ಊಹೆ. ಹತ್ತಿರದಲ್ಲಿ ಗುಂಡು ಸಿಡಿಯದವರಲ್ಲಿಯೂ ಈ ವ್ಯಾಧಿಯು ಕಂಡುಬಂದ ಮೇಲೆ ವೈದ್ಯರ ದೃಷ್ಟಿಯು ಮನಸ್ಸಿನ ಕಡೆಗೆ ತಿರುಗಿತು. ನೀಲಗಿರಿಯ ತೋಡರನ್ನು ಕುರಿತು 1906ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರು ಎಡಿನ್‌ಬರೋ ಬಳಿಯ ಕ್ರೇಗ್‌ಲಾಕಾರ್ಟ್ ಆಸ್ಪತ್ರೆಯಲ್ಲಿ, ಕಂಡ ಭೀಕರತೆಯನ್ನು ಅದುಮಿಡದೆ ಮಾತಿನಲ್ಲಿ ಹೊರಗೆಡಹುವಂತೆ ರೋಗಿಗಳಿಗೆ ನೆರವಾದರು. ಆದರೆ ಇಷ್ಟು ದಯಾಪರವಾದ ಚಿಕಿತ್ಸೆಯೂ ಅಧಿಕಾರಿಯನ್ನು ಮರಳಿ ಸೈನ್ಯಕ್ಕೆ ಅರ್ಹನನ್ನಾಗಿ ಮಾಡತಕ್ಕದ್ದಾಗಿತ್ತು. 1917ರಲ್ಲಿ ಅದೇ ಆಸ್ಪತ್ರೆಯಲ್ಲಿ ಬೇರೊಬ್ಬ ವೈದ್ಯರ ಆರೈಕೆಯಿಂದ ಗುಣಹೊಂದಿದ ಕವಿ ವಿಲ್ಫ್ರೆಡ್ ಓವೆನ್, ಮರುವರ್ಷ ಫ್ರಾನ್ಸಿಗೆ ಹೋಗಿ ನವೆಂಬರ್ 4ರಂದು ಹತನಾದನು.

ಹಾಗಾದರೆ ಮಾರ್ಗರೆಟ್ಟಳು ಮಾಡಿದ್ದು ತಪ್ಪೇ? ಅವಳೂ ಎರಡು ವರ್ಷದ ಮಗನನ್ನು ಕಳೆದುಕೊಂಡ ತಾಯಿ. ಕ್ರಿಸ್ಸನನ್ನು ಮರವೆಯಲ್ಲಿಯೇ ಬಿಟ್ಟರೆ ಅವನು ಸುಖಿ, ಅವಳೂ ಸುಖಿ. ಒಂದು ಕ್ಷಣ ಅವಳು ಹಾಗೆಯೇ ಬಯಸುತ್ತಾಳೆ. ಆದರೆ ಸತ್ಯವನ್ನು ತೊರೆದು ಬದುಕುವವನು ಮುಂದೆ ಕೇವಲ ಪರರ ಕನಿಕರಕ್ಕೆ ಪಾತ್ರನಾದಾನೆಂದು ಬಗೆದು, ತನ್ನ ಸುಖವನ್ನು ತಾನೇ ಬಿಟ್ಟುಕೊಡುತ್ತಾಳೆ. ಕಥೆಯನ್ನು ಹೇಳುವ ಸೋದರಸಂಬಂಧಿ ಜೆನ್ನಿಯು ಆರಂಭದಲ್ಲಿ ಈಕೆಯ ಅಗ್ಗದ ಮಳೆಯಂಗಿಯನ್ನು ಕಂಡು ಹೇಸುತ್ತಾಳೆ. ಮೊದಲ ಸಲ ಆ ತಿರಸ್ಕಾರದಲ್ಲಿ ಪಾಲುಗೊಂಡ ಓದುಗನು ಎರಡನೆಯ ಸಲ ಅದೇ ಪುಟದಲ್ಲಿ ನಾಚುತ್ತಾನೆ.

ಗಂಡನು ಗುಣವಾದನೆಂದು ಕಿಟ್ಟಿಯು ಹಿಗ್ಗುವಲ್ಲಿಗೆ ಕಥೆಯು ಮುಗಿಯುತ್ತದೆ. ಕ್ರಿಸ್ಸನು ಮುಂದೆ ಬದುಕಿದನೋ ಇಲ್ಲವೋ ಎಂಬುದನ್ನು ಲೇಖಕಿಯು ಹೇಳಲಿಲ್ಲ. ಅದೇ ವರ್ಷ ನವೆಂಬರ್ 11ರಂದು ಯುದ್ಧವಿರಾಮದ ಗಂಟೆಗಳು ಮೊಳಗುತ್ತಿದ್ದಾಗ, ಓವೆನ್ನನ ತಾಯ್ತಂದೆಯರ ಮನೆಗೆ ಅವನ ಮರಣವಾರ್ತೆಯ ತಂತಿಯು ಬಂದಿತು.